ರೇಡಿಯೋ ಹೇಳಿದ್ದೇ ಲಾಗ್‌ನಲ್ಲಿ ಇರಲಿ: ಹ್ಯಾಮ್ ರೇಡಿಯೋಗೆ ಕಂಪ್ಯೂಟರ್ ಜೋಡಿಸೋದು ಯಾಕೆ, ಹೇಗೆ

ಪುಣೆಯಿಂದ ಮಾತಾಡ್ತಾ ಇದ್ದೀನಿ. ಹಿಂದಿನ ವಿಡಿಯೋದಲ್ಲಿ ಫ್ಲ್ಯಾಟ್‌ನ ಟೆರೇಸ್ ಮೇಲೆ ವೈರ್ ಆಂಟೆನಾ ಕಟ್ಟೋದು ಹೇಗೆ ಅಂತ ನೋಡಿದ್ವಿ. ಅದಾದ ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರು: "ರೇಡಿಯೋನ ಲ್ಯಾಪ್‌ಟಾಪ್‌ಗೆ ಜೋಡಿಸೋದು ಹೇಗೆ?" ಇವತ್ತು ಅದೇ ವಿಷಯ. ವಿಡಿಯೋದಲ್ಲಿ ಮಾತಾಡಿದ್ದನ್ನೇ ಓದೋಕೆ ಅನುಕೂಲ ಆಗಲಿ ಅಂತ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ಆದ್ರೆ "ಹೇಗೆ" ಅನ್ನೋದಕ್ಕಿಂತ ಮೊದಲು "ಯಾಕೆ" ಅನ್ನೋದನ್ನ ಹೇಳಿಬಿಡ್ತೀನಿ. ಯಾಕೆ ಅಂತ ನನಗೇ ಅರ್ಥ ಆಗಿದ್ದು ಒಂದು ತಪ್ಪು ಮಾಡಿದ ಮೇಲೆ.

ಹಾಸನದಿಂದ ಬಂದ ಫೋನ್

ನನಗೆ ಹ್ಯಾಮ್ ರೇಡಿಯೋ ಹುಚ್ಚು ಹತ್ತಿಸಿದವರು ಹಾಸನದಲ್ಲಿ ಇದ್ದಾರೆ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ನಾನು ಅವರನ್ನ ಸರ್ ಅಂತಲೇ ಕರೆಯೋದು. ಅವರ ಹತ್ತಿರ ಕಂಪ್ಯೂಟರ್ ಇಲ್ಲ. ಲಾಗ್ ಬರೆಯೋದು ಹೊಲಿಗೆ ಹಾಕಿದ ಉದ್ದನೆಯ ಪುಸ್ತಕದಲ್ಲಿ, ಗೆರೆ ಎಳೆದು, ನೀಲಿ ಪೆನ್ನಿನಲ್ಲಿ. ಯಾರ ಜೊತೆ, ಎಷ್ಟು ಹೊತ್ತಿಗೆ, ಯಾವ ಫ್ರೀಕ್ವೆನ್ಸಿಯಲ್ಲಿ, ಯಾವ ಮೋಡ್‌ನಲ್ಲಿ, ಸಿಗ್ನಲ್ ಹೇಗಿತ್ತು, ಎಲ್ಲವೂ ಅಲ್ಲಿರುತ್ತೆ.

ಪುಣೆಗೆ ಬಂದ ಮೇಲೆ ನನ್ನ ಹೊಸ ಆಂಟೆನಾದಲ್ಲಿ ಅವರ ಜೊತೆ ಮೊದಲ ಸಲ ಮಾತಾಡಿದ್ದು ಒಂದು ಭಾನುವಾರ ಬೆಳಿಗ್ಗೆ. ನಾನಿಲ್ಲಿ ಬಾಲ್ಕನಿ ಪಕ್ಕದ ಮೇಜಿನ ಮುಂದೆ, ಅವರಲ್ಲಿ ಹಿತ್ತಲಿನ ತೆಂಗಿನಮರಕ್ಕೆ ಕಟ್ಟಿದ ಡೈಪೋಲ್ ಕೆಳಗೆ. ನಡುವೆ ಟವರ್ ಇಲ್ಲ, ಇಂಟರ್ನೆಟ್ ಇಲ್ಲ. ಅವರ ದನಿ ಕೇಳಿದಾಗ ಊರಿಗೆ ಹೋಗಿ ಬಂದಷ್ಟು ಖುಷಿ ಆಯ್ತು. ನೆನಪಿಗೆ ಇರಲಿ ಅಂತ ಕ್ಯೂಎಸ್‌ಎಲ್ ಕಾರ್ಡ್ ಕಳಿಸಿದೆ. ಕ್ಯೂಎಸ್‌ಎಲ್ ಅಂದ್ರೆ "ಹೌದು, ನಾವಿಬ್ಬರೂ ಮಾತಾಡಿದ್ದೇವೆ" ಅಂತ ಒಬ್ಬರಿಗೊಬ್ಬರು ಬರೆದುಕೊಡೋ ಪೋಸ್ಟ್‌ಕಾರ್ಡ್. ವಿವರಗಳನ್ನ ಲಾಗಿಂಗ್ ಸಾಫ್ಟ್‌ವೇರ್‌ನಿಂದಲೇ ಪ್ರಿಂಟ್ ಮಾಡಿ ಅಂಟಿಸಿದ್ದೆ.

ಹತ್ತು ದಿನಕ್ಕೆ ಫೋನ್ ಬಂತು.

"ಏನಪ್ಪಾ, ನಿನ್ನ ಕಾರ್ಡ್‌ನಲ್ಲಿ 20 ಮೀಟರ್ ಅಂತ ಇದೆಯಲ್ಲ? ನಾವು ಮಾತಾಡಿದ್ದು 40 ಮೀಟರ್‌ನಲ್ಲಿ. ನನ್ನ ಪುಸ್ತಕದಲ್ಲಿ 7.080 ಅಂತ ಬರೆದಿದ್ದೀನಿ."

"ಕಂಪ್ಯೂಟರ್‌ನಲ್ಲಿ ಹಾಗೇ ಇದೆ ಸರ್."

"ಕಂಪ್ಯೂಟರ್‌ಗೆ ಹೇಳಿದವನು ಯಾರಪ್ಪಾ? ನನ್ನ 20 ಮೀಟರ್ ಆಂಟೆನಾ ಮಳೆಗೆ ಬಿದ್ದು ಎರಡು ತಿಂಗಳಾಯ್ತು!"

ಆಗಿದ್ದು ಇಷ್ಟೇ. ಆ ದಿನ ಬೆಳಿಗ್ಗೆ ಮೊದಲು 20 ಮೀಟರ್ ಬ್ಯಾಂಡ್‌ನಲ್ಲಿ ಇದ್ದೆ. ಲಾಗಿಂಗ್ ಸಾಫ್ಟ್‌ವೇರ್‌ನಲ್ಲಿ ಬ್ಯಾಂಡ್ 20 ಅಂತ ಆಯ್ಕೆ ಮಾಡಿದ್ದೆ. ಆಮೇಲೆ ರೇಡಿಯೋದಲ್ಲಿ 40 ಮೀಟರ್‌ಗೆ ಹೋದೆ, ಸಾಫ್ಟ್‌ವೇರ್‌ನಲ್ಲಿ ಬದಲಾಯಿಸೋದು ಮರೆತೆ. ಅವತ್ತು ಸರ್ ಒಬ್ಬರದ್ದೇ ಅಲ್ಲ, ಇನ್ನೂ ಹತ್ತು ಸಂಪರ್ಕಗಳು ತಪ್ಪು ಬ್ಯಾಂಡ್‌ನಲ್ಲಿ ದಾಖಲಾಗಿದ್ದವು. ಅದಕ್ಕೂ ಹಿಂದೆ ಎಷ್ಟು ಸಲ ಹೀಗೆ ಆಗಿತ್ತೋ?

ಐಟಿಯಲ್ಲಿ ಇರೋ ನಮಗೆ ಇದು ಹೊಸ ಕಾಯಿಲೆ ಏನಲ್ಲ. ಒಂದೇ ಮಾಹಿತಿಯನ್ನ ಎರಡು ಜಾಗದಲ್ಲಿ ಇಟ್ಟು, ಎರಡನ್ನೂ ಕೈಯಿಂದ ಬದಲಾಯಿಸ್ತಾ ಇದ್ರೆ ಒಂದಲ್ಲ ಒಂದು ದಿನ ಅವು ಬೇರೆ ಬೇರೆ ಆಗೇ ಆಗ್ತವೆ. ಫ್ರೀಕ್ವೆನ್ಸಿ ಏನು ಅಂತ ಖಚಿತವಾಗಿ ಗೊತ್ತಿರೋದು ರೇಡಿಯೋಗೆ ಮಾತ್ರ. ಹಾಗಾದ್ರೆ ರೇಡಿಯೋನೇ ಕೇಳಬೇಕು. ಇವತ್ತಿನ ವಿಷಯದ ಸಾರ ಅಷ್ಟೇ.

ತಪ್ಪಾದ್ರೆ ಏನು ನಷ್ಟ?

"ಹವ್ಯಾಸ ತಾನೇ, ಬ್ಯಾಂಡ್ ತಪ್ಪಾದ್ರೆ ಏನಂತೆ?" ಅಂತ ಕೇಳಬಹುದು. ಲಾಗ್ ಇಡೋದು ನಮ್ಮ ಲೈಸೆನ್ಸ್ ನಿಯಮಗಳಲ್ಲೇ ಇರೋ ಜವಾಬ್ದಾರಿ. ಅದು ಒಂದು ಕಡೆ.

ಇನ್ನೊಂದು ಕಡೆ, ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ 2003ರಲ್ಲಿ ಶುರು ಮಾಡಿದ "ಲಾಗ್‌ಬುಕ್ ಆಫ್ ದಿ ವರ್ಲ್ಡ್" ಅಂತ ಒಂದು ವ್ಯವಸ್ಥೆ ಇದೆ. ಇಬ್ಬರೂ ತಮ್ಮ ತಮ್ಮ ಲಾಗ್ ಅಪ್‌ಲೋಡ್ ಮಾಡ್ತಾರೆ. ಕಾಲ್‌ಸೈನ್, ಬ್ಯಾಂಡ್, ಮೋಡ್ ಹೊಂದಬೇಕು, ಸಮಯ 30 ನಿಮಿಷದ ಒಳಗೆ ಹೊಂದಬೇಕು. ಆಗ ಮಾತ್ರ ಸಂಪರ್ಕ ಖಚಿತ ಅಂತ ಲೆಕ್ಕ. 100 ದೇಶ-ಪ್ರದೇಶಗಳ ಡಿಎಕ್ಸ್‌ಸಿಸಿ ಪ್ರಮಾಣಪತ್ರಕ್ಕೆ ಬೇಕಾಗೋ ದೃಢೀಕರಣ ಹೀಗೆ ಬರುತ್ತೆ. ನನ್ನ ಲಾಗ್‌ನಲ್ಲಿ 20, ಅವರ ಲಾಗ್‌ನಲ್ಲಿ 40 ಇದ್ರೆ ಎರಡೂ ಯಾವತ್ತೂ ಸೇರಲ್ಲ. ತಪ್ಪು ನನ್ನದು, ಆದ್ರೆ ಪಾಪ ಆ ಕಡೆಯವರಿಗೂ ದೃಢೀಕರಣ ಸಿಗಲ್ಲ. ಅವರು ನನ್ನ ಬಗ್ಗೆ ಏನಂದುಕೊಳ್ತಾರೆ ಹೇಳಿ.

ರೇಡಿಯೋ ಜೊತೆ ಮಾತಾಡೋ ಭಾಷೆ

ಕಂಪ್ಯೂಟರ್‌ನಿಂದ ರೇಡಿಯೋ ನಿಯಂತ್ರಿಸೋದು ಹೊಸದೇನಲ್ಲ, 1980ರ ದಶಕದಿಂದಲೇ ಇದೆ. ಯಾಸು ಕಂಪನಿ ಇದನ್ನ ಕ್ಯಾಟ್ ಅಂತ ಕರೆಯಿತು, ಅಂದ್ರೆ ಕಂಪ್ಯೂಟರ್ ಏಡೆಡ್ ಟ್ರಾನ್ಸೀವರ್. ಐಕಾಮ್‌ನವರ ಹೆಸರು ಸಿಐ-ವಿ. ಈಗ ಯಾವ ಕಂಪನಿಯ ರೇಡಿಯೋ ಆದ್ರೂ ಜನ ಕ್ಯಾಟ್ ಅಂತಲೇ ಅಂತಾರೆ. ಒಳಗಿರೋದು ಹಳೇ ಸೀರಿಯಲ್ ಪೋರ್ಟ್. ಇವತ್ತಿನ ರೇಡಿಯೋ ಹಿಂದೆ ಯುಎಸ್‌ಬಿ ಸಾಕೆಟ್ ಕಂಡ್ರೂ ಒಳಗೆ ಯುಎಸ್‌ಬಿಯನ್ನ ಸೀರಿಯಲ್ ಮಾಡೋ ಒಂದು ಚಿಪ್ ಇರುತ್ತೆ.

ನಾನು ಸರ್ ಜೊತೆ ಮಾತಾಡಿದ 7.080 ಮೆಗಾಹರ್ಟ್ಸ್‌ನೇ ತಗೊಳ್ಳೋಣ. ರೇಡಿಯೋನ ಅಲ್ಲಿಗೆ ಕಳಿಸೋಕೆ ಕಂಪ್ಯೂಟರ್ ಏನು ಹೇಳಬೇಕು?

ಕೆನ್‌ವುಡ್‌ಗೆ: ಎಫ್‌ಎ00007080000; ಅಂತ. ಎಫ್‌ಎ ಅಂದ್ರೆ ವಿಎಫ್‌ಒ-ಎ, ಅಂದ್ರೆ ಮುಖ್ಯ ಟ್ಯೂನಿಂಗ್. ಆಮೇಲೆ ಹರ್ಟ್ಸ್‌ನಲ್ಲಿ 11 ಅಂಕಿ, ಕೊನೆಗೆ ಒಂದು ಸೆಮಿಕೋಲನ್. ಬರೀ ಎಫ್‌ಎ; ಅಂತ ಕಳಿಸಿದ್ರೆ ಅದೇ ರೂಪದಲ್ಲಿ ಉತ್ತರ ಬರುತ್ತೆ. ಟರ್ಮಿನಲ್‌ನಲ್ಲಿ ಕೈಯಿಂದಲೇ ಟೈಪ್ ಮಾಡಬಹುದು, ಅಷ್ಟು ಸರಳ.

ಯಾಸು ಎಫ್‌ಟಿ-817ಗೆ: ಐದು ಬೈಟ್. 00 70 80 00 01. ಮೊದಲ ನಾಲ್ಕು ಬೈಟ್ ಫ್ರೀಕ್ವೆನ್ಸಿ, 10 ಹರ್ಟ್ಸ್ ಲೆಕ್ಕದಲ್ಲಿ. ಕೊನೆಯ 01 ಅಂದ್ರೆ "ಈ ಫ್ರೀಕ್ವೆನ್ಸಿಗೆ ಹೋಗು". ಅದೇ ಕೊನೆಯ ಬೈಟ್ 03 ಆದ್ರೆ "ಈಗ ಎಲ್ಲಿದ್ದೀಯ?" ಅಂತ ಕೇಳಿದ ಹಾಗೆ.

ಐಕಾಮ್ ಐಸಿ-7300ಗೆ: ಎಫ್‌ಇ ಎಫ್‌ಇ 94 ಇ0 05 00 00 08 07 00 ಎಫ್‌ಡಿ. ಎಫ್‌ಇ ಎರಡು ಸಲ ಬಂದ್ರೆ ಮಾತು ಶುರು, ಎಫ್‌ಡಿ ಬಂದ್ರೆ ಮುಗೀತು. 94 ರೇಡಿಯೋದ ವಿಳಾಸ, ಇ0 ಕಂಪ್ಯೂಟರ್‌ನ ವಿಳಾಸ, 05 ಆಜ್ಞೆ. ಫ್ರೀಕ್ವೆನ್ಸಿ ಮಾತ್ರ ಹಿಂದುಮುಂದಾಗಿ ಬರುತ್ತೆ, ಚಿಕ್ಕ ಬೈಟ್ ಮೊದಲು. ಹಾಗಾಗಿ 00 07 08 00 00 ಹೋಗಿ 00 00 08 07 00 ಆಯ್ತು. ಸಿಐ-ವಿಯಲ್ಲಿ ಮೂಲತಃ ಇರೋದು ಒಂದೇ ತಂತಿ. ಆದ್ದರಿಂದ ಕಂಪ್ಯೂಟರ್ ಹೇಳಿದ ಮಾತು ಅದಕ್ಕೇ ವಾಪಸ್ ಕೇಳಿಸುತ್ತೆ. ನೀವೇ ಕೋಡ್ ಬರೆಯೋರಾದ್ರೆ ಈ ಪ್ರತಿಧ್ವನಿಯನ್ನ ಉತ್ತರ ಅಂದುಕೊಂಡು ಮೋಸ ಹೋಗಬೇಡಿ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಹೈದರಾಬಾದ್‌ನದು. ಅಲ್ಲಿನ ಅಶ್ಹರ್ ಫರ್ಹಾನ್ ವಿನ್ಯಾಸ ಮಾಡಿದ ಮೈಕ್ರೋಬಿಟ್‌ಎಕ್ಸ್ ಅನ್ನೋ ಕಿಟ್ ರೇಡಿಯೋ ಇದೆ. ಅದರ ಮೆದುಳು ಒಂದು ಆರ್ಡುಯಿನೋ ನ್ಯಾನೋ. ಅದಕ್ಕಾಗಿ ಬೇರೆ ಭಾಷೆ ಕಟ್ಟೋಕೆ ಹೋಗದೆ ಎಫ್‌ಟಿ-817ರ ಐದು ಬೈಟ್ ಭಾಷೆಯನ್ನೇ ಅದಕ್ಕೆ ಕಲಿಸಿದ್ರು. ಸಾಫ್ಟ್‌ವೇರ್‌ನಲ್ಲಿ ರೇಡಿಯೋ ಎಫ್‌ಟಿ-817 ಅಂತ ಆಯ್ಕೆ ಮಾಡಿದ್ರೆ ಸಾಕು, ಕೆಲಸ ನಡೆಯುತ್ತೆ. ಕೋಡ್ ಎಲ್ಲಾ ಬಹಿರಂಗ. ಕ್ಯಾಟ್ ಒಳಗೆ ಹೇಗಿರುತ್ತೆ ಅಂತ ಓದಿ ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ. ಒಂದು ಎಚ್ಚರಿಕೆ: ಸೀರಿಯಲ್ ಪೋರ್ಟ್ ತೆರೆದ ತಕ್ಷಣ ನ್ಯಾನೋ ರೀಸೆಟ್ ಆಗುತ್ತೆ. ಕೂಡಲೇ ಉತ್ತರ ಬರಲಿಲ್ಲ ಅಂತ ಗಾಬರಿ ಬೇಡ, ಒಂದೆರಡು ಸೆಕೆಂಡ್ ಕಾಯಿರಿ.

ಒಂದು ಪೋರ್ಟ್, ಇಬ್ಬರು ಜಗಳಗಂಟರು

ಕೇಬಲ್ ಹಾಕಿದ್ರಿ, ಲಾಗಿಂಗ್ ಸಾಫ್ಟ್‌ವೇರ್‌ನಲ್ಲಿ ರೇಡಿಯೋ ಮಾಡೆಲ್, ಪೋರ್ಟ್, ಬಾಡ್ ರೇಟ್ ಕೊಟ್ರಿ, ಫ್ರೀಕ್ವೆನ್ಸಿ ಕಾಣಿಸ್ತು. ಖುಷಿ. ಆಮೇಲೆ ಎಫ್‌ಟಿ8 ಮಾಡೋಣ ಅಂತ ಡಬ್ಲ್ಯುಎಸ್‌ಜೆಟಿ-ಎಕ್ಸ್ ತೆರೆದ್ರಿ. ತಕ್ಷಣ ಕೆಂಪು ಬಣ್ಣ, "ಪೋರ್ಟ್ ತೆರೆಯಲಾಗಲಿಲ್ಲ". ಸೀರಿಯಲ್ ಪೋರ್ಟ್ ಒಂದು ಸಲಕ್ಕೆ ಒಬ್ಬರಿಗೇ. ಮೊದಲು ಬಂದವರು ಹಿಡಿದು ಕೂತಿದ್ದಾರೆ.

ಇದಕ್ಕೆ ಪರಿಹಾರ ನಿಮಗೆ ಗೊತ್ತಿರೋದೇ: ನಡುವೆ ಒಂದು ಸರ್ವಿಸ್ ಕೂರಿಸೋದು. ಪೋರ್ಟ್ ಅದರ ಕೈಯಲ್ಲಿ ಮಾತ್ರ. ಉಳಿದವರೆಲ್ಲ ಅದನ್ನ ಕೇಳಬೇಕು. ವಿಂಡೋಸ್‌ನಲ್ಲಿ ಓಮ್ನಿರಿಗ್ ಈ ಕೆಲಸ ಮಾಡುತ್ತೆ. ಎಫ್‌ಎಲ್‌ರಿಗ್ ಎರಡೂ ಕಡೆ ಓಡುತ್ತೆ. ಲಿನಕ್ಸ್‌ನಲ್ಲಿ ನಾನು ಬಳಸೋದು ಹ್ಯಾಮ್‌ಲಿಬ್, ಅದರ ಜೊತೆ ಬರೋ ರಿಗ್‌ಸಿಟಿಎಲ್‌ಡಿ. ಅದಕ್ಕೆ ಎಂ ಆಯ್ಕೆಯಲ್ಲಿ ರೇಡಿಯೋದ ಮಾಡೆಲ್ ಸಂಖ್ಯೆ, ಆರ್ ಆಯ್ಕೆಯಲ್ಲಿ ಪೋರ್ಟ್, ಎಸ್ ಆಯ್ಕೆಯಲ್ಲಿ ವೇಗ ಕೊಟ್ಟು ಓಡಿಸಿದ್ರೆ 4532 ಅನ್ನೋ ಟಿಸಿಪಿ ಪೋರ್ಟ್‌ನಲ್ಲಿ ಕಾಯ್ತಾ ಕೂರುತ್ತೆ. ಸಣ್ಣ ಎಫ್ ಕಳಿಸಿದ್ರೆ ಈಗಿನ ಫ್ರೀಕ್ವೆನ್ಸಿ ಹೇಳುತ್ತೆ. ದೊಡ್ಡ ಎಫ್ ಜೊತೆ 7080000 ಅಂತ ಕೊಟ್ರೆ ಅಲ್ಲಿಗೆ ಹೋಗುತ್ತೆ. ಯಾವ ಕಂಪನಿ, ಎಷ್ಟು ಬೈಟ್, ಹಿಂದೋ ಮುಂದೋ ಅನ್ನೋ ತಲೆನೋವು ಅದರದ್ದು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಈ ಸರ್ವಿಸ್ ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳಲ್ಲ. ಆಫೀಸಿನಿಂದ ಮನೆಯ ರೇಡಿಯೋ ನೋಡೋಣ ಅಂತ ರೂಟರ್‌ನಲ್ಲಿ ಆ ಪೋರ್ಟ್ ಹೊರಗೆ ತೆರೆದು ಇಡಬೇಡಿ. ಯಾರೋ ಒಂದು ಆಜ್ಞೆ ಕಳಿಸಿದ್ರೆ ನಿಮ್ಮ ಕಾಲ್‌ಸೈನ್‌ನ ರೇಡಿಯೋ ಟ್ರಾನ್ಸ್‌ಮಿಟ್ ಮಾಡುತ್ತೆ, ಉತ್ತರ ಕೊಡಬೇಕಾದವರು ನೀವು.

ಲೈಸೆನ್ಸ್ ಇನ್ನೂ ಬಂದಿಲ್ಲ, ರೇಡಿಯೋ ಇಲ್ಲ ಅನ್ನೋರು ಸುಮ್ಮನೆ ಕೂರಬೇಕಿಲ್ಲ. ಹ್ಯಾಮ್‌ಲಿಬ್‌ನಲ್ಲಿ ಮಾಡೆಲ್ 1 ಅಂತ ಕೊಟ್ರೆ ಒಂದು ಡಮ್ಮಿ ರೇಡಿಯೋ ಸಿಗುತ್ತೆ. ಎಲ್ಲಾ ಆಜ್ಞೆಗಳನ್ನೂ ಅದರ ಮೇಲೆ ಅಭ್ಯಾಸ ಮಾಡಿ. ಗಾಳಿಗೆ ಒಂದು ಮಿಲಿವಾಟ್ ಕೂಡ ಹೋಗಲ್ಲ.

ರೇಡಿಯೋಗೂ ಗೊತ್ತಿಲ್ಲದ ಸಂಗತಿಗಳು

ಕ್ಯಾಟ್ ಹಾಕಿದ ಮೇಲೆ ಲಾಗ್ ತಾನಾಗೇ ಸರಿ ಇರುತ್ತೆ ಅಂದುಕೊಂಡ್ರೆ ಅದೂ ತಪ್ಪು. ಯಾವ ಮಾಹಿತಿ ಎಲ್ಲಿಂದ ಬರುತ್ತೆ ಅಂತ ಒಂದು ಸಲ ಕೂತು ಯೋಚಿಸಿ.

ಫ್ರೀಕ್ವೆನ್ಸಿ ರೇಡಿಯೋದಿಂದ ಬರುತ್ತೆ, ಸರಿ. ದೂರದ ಸ್ಟೇಷನ್ "5 ಅಪ್" ಅಂದಾಗ ನಾವು ಸ್ಪ್ಲಿಟ್ ಹಾಕ್ತೀವಿ, ಕೇಳೋದು ಒಂದು ಕಡೆ, ಮಾತಾಡೋದು 5 ಕಿಲೋಹರ್ಟ್ಸ್ ಮೇಲೆ. ಆಗ ಎರಡು ವಿಎಫ್‌ಒಗಳನ್ನೂ ಸಾಫ್ಟ್‌ವೇರ್ ಓದ್ತಿದೆಯಾ ಅಂತ ನೋಡಿಕೊಳ್ಳಿ.

ಮೋಡ್ ಅರ್ಧ ಮಾತ್ರ ರೇಡಿಯೋಗೆ ಗೊತ್ತು. ಎಫ್‌ಟಿ8 ಮಾಡುವಾಗ ಅದು ಹೇಳೋದು "ಯುಎಸ್‌ಬಿ ಡೇಟಾ" ಅಂತ. (ಈ ಯುಎಸ್‌ಬಿ ಅಂದ್ರೆ ಅಪ್ಪರ್ ಸೈಡ್‌ಬ್ಯಾಂಡ್, ಕೇಬಲ್ ಅಲ್ಲ. ಹೊಸಬರು ಎಲ್ಲರೂ ಒಂದು ಸಲ ಎಡವೋ ಜಾಗ ಇದು, ನಾನೂ ಎಡವಿದ್ದೇನೆ.) ಅದರ ಮೇಲೆ ಓಡ್ತಿರೋದು ಎಫ್‌ಟಿ8 ಅಂತ ಗೊತ್ತಿರೋದು ಡಬ್ಲ್ಯುಎಸ್‌ಜೆಟಿ-ಎಕ್ಸ್‌ಗೆ. ಭೌತಶಾಸ್ತ್ರದಲ್ಲಿ 1993ರ ನೊಬೆಲ್ ಪಡೆದ ಜೋ ಟೇಲರ್ ಶುರು ಮಾಡಿದ ಸಾಫ್ಟ್‌ವೇರ್ ಅದು. ಎಫ್‌ಟಿ8 ಬಂದಿದ್ದು 2017ರಲ್ಲಿ. ಸಂಪರ್ಕ ಮುಗಿದ ಮೇಲೆ ಅದು ಯುಡಿಪಿ 2237 ಪೋರ್ಟ್‌ಗೆ ಒಂದು ಸಂದೇಶ ಕಳಿಸುತ್ತೆ. ನಿಮ್ಮ ಲಾಗಿಂಗ್ ಸಾಫ್ಟ್‌ವೇರ್ ಅದನ್ನ ಕೇಳಿಸಿಕೊಳ್ಳೋ ಹಾಗೆ ಹೊಂದಿಸಿ. ಎಫ್‌ಟಿ8 ಸಂಪರ್ಕ ಎಸ್‌ಎಸ್‌ಬಿ ಅಂತ ದಾಖಲಾದ್ರೆ ಮತ್ತೆ ಯಾರ ಲಾಗ್‌ಗೂ ಹೊಂದಲ್ಲ.

ಸಮಯ ಲ್ಯಾಪ್‌ಟಾಪ್‌ನಿಂದ ಬರುತ್ತೆ. ಲಾಗ್ ಯುಟಿಸಿಯಲ್ಲಿ ಇರಬೇಕು, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಸೋಮವಾರ ಬೆಳಗಿನ ಜಾವ 5 ಗಂಟೆಗೆ ಮಾತಾಡಿದ್ರೆ ಯುಟಿಸಿಯಲ್ಲಿ ಅದು ಭಾನುವಾರ ರಾತ್ರಿ 11:30. ಗಂಟೆ ಬದಲಿಸಿ ತಾರೀಖು ಬದಲಿಸೋದು ಮರೆಯೋರು ಎಷ್ಟೋ ಜನ. ಇನ್ನು ಎಫ್‌ಟಿ8 ನಡೆಯೋದು 15 ಸೆಕೆಂಡ್‌ಗಳ ಸರದಿಯಲ್ಲಿ. ಗಡಿಯಾರ ಎರಡು-ಮೂರು ಸೆಕೆಂಡ್ ಆಚೀಚೆ ಆದ್ರೆ ಬ್ಯಾಂಡ್ ತುಂಬಾ ಸಿಗ್ನಲ್ ಇದ್ರೂ ನಿಮ್ಮ ಪರದೆ ಖಾಲಿ ಇರುತ್ತೆ.

ಕಾಲ್‌ಸೈನ್ ಮತ್ತು ಸಿಗ್ನಲ್ ವರದಿ, ದನಿಯಲ್ಲಿ ಮಾತಾಡಿದಾಗ, ನಿಮ್ಮ ಕಿವಿಯಿಂದಲೇ ಬರಬೇಕು. ಅದಕ್ಕೆ ಯಾವ ಕೇಬಲ್ಲೂ ಇಲ್ಲ.

ಕೇಬಲ್ ಹಾಕಿದ ಮೇಲೆ ಬರೋ ತೊಂದರೆಗಳು

ಒಂದು ರಾತ್ರಿ ಹನ್ನೊಂದು ಗಂಟೆ. ಲಾಗಿಂಗ್ ಸಾಫ್ಟ್‌ವೇರ್ ತೆರೆದೆ, ನಾನೇನೂ ಒತ್ತದೆ ರೇಡಿಯೋದ ಕೆಂಪು ದೀಪ ಹೊತ್ತಿಕೊಳ್ತು. ಟ್ರಾನ್ಸ್‌ಮಿಟ್! ಕೈ ನಡುಗಿ ಪವರ್ ಸಪ್ಲೈನೇ ಆಫ್ ಮಾಡಿದೆ. ಕಾರಣ ಆಮೇಲೆ ಗೊತ್ತಾಯ್ತು: ಸೀರಿಯಲ್ ಪೋರ್ಟ್ ತೆರೆದಾಗ ಆರ್‌ಟಿಎಸ್, ಡಿಟಿಆರ್ ಅನ್ನೋ ಎರಡು ಲೈನ್‌ಗಳು ಮೇಲಕ್ಕೆ ಹೋಗ್ತವೆ. ರೇಡಿಯೋದ ಮೆನುವಿನಲ್ಲಿ ನಾನು "ಆರ್‌ಟಿಎಸ್ ಬಂದ್ರೆ ಟ್ರಾನ್ಸ್‌ಮಿಟ್" ಅಂತ ಹಿಂದೆ ಯಾವತ್ತೋ ಹಾಕಿಟ್ಟಿದ್ದೆ. ಈಗ ಅದನ್ನ ಆಫ್ ಮಾಡಿದ್ದೇನೆ. ಟ್ರಾನ್ಸ್‌ಮಿಟ್ ಆಜ್ಞೆಯೂ ಕ್ಯಾಟ್ ಮೂಲಕವೇ ಹೋಗುತ್ತೆ.

ಅದರಲ್ಲೂ ಒಂದು ಅಪಾಯ ಇದೆ. "ಟ್ರಾನ್ಸ್‌ಮಿಟ್ ಮಾಡು" ಅಂತ ಹೇಳಿದ ಮೇಲೆ ಲ್ಯಾಪ್‌ಟಾಪ್ ಹ್ಯಾಂಗ್ ಆದ್ರೆ "ನಿಲ್ಲಿಸು" ಅನ್ನೋ ಮಾತು ಹೋಗಲ್ಲ. ಹಲವು ರೇಡಿಯೋಗಳಲ್ಲಿ ಟೈಮ್-ಔಟ್ ಟೈಮರ್ ಇದೆ. ಅದನ್ನ ಇವತ್ತೇ ಆನ್ ಮಾಡಿ. ಟ್ರಾನ್ಸ್‌ಮಿಟ್ ನಡೀತಿರುವಾಗ ಟೀ ತರೋಕೆ ಅಂತ ಎದ್ದು ಹೋಗಬೇಡಿ.

ಫ್ಲ್ಯಾಟ್‌ನಲ್ಲಿ ಇರೋರಿಗೆ ಇನ್ನೊಂದು ಕಾಟ. ಆಂಟೆನಾ ಹತ್ತಿರ ಇರೋದ್ರಿಂದ ನಮ್ಮದೇ ಸಿಗ್ನಲ್ ಕೇಬಲ್‌ಗೆ ನುಗ್ಗುತ್ತೆ. ಪವರ್ ಜಾಸ್ತಿ ಮಾಡಿದಾಗ ಮಾತ್ರ ಕ್ಯಾಟ್ ತಪ್ಪಿ ಹೋಗ್ತಿದ್ರೆ ಸಾಫ್ಟ್‌ವೇರ್ ಬೈಯಬೇಡಿ. ಕೇಬಲ್‌ನ ಎರಡೂ ತುದಿಗೆ ಫೆರೈಟ್ ಹಾಕಿ, ಗಿಡ್ಡ ಕೇಬಲ್ ಬಳಸಿ. ಪೋರ್ಟ್ ನಂಬರ್ ದಿನಾ ಬದಲಾಗ್ತಿದ್ರೆ ಯಾವಾಗಲೂ ಒಂದೇ ಸಾಕೆಟ್‌ಗೆ ಚುಚ್ಚಿ. ಲಿನಕ್ಸ್‌ನಲ್ಲಿ ಪೋರ್ಟ್ ತೆರೆಯೋಕೆ ಅನುಮತಿ ಇಲ್ಲ ಅಂದ್ರೆ ನಿಮ್ಮ ಯೂಸರ್‌ನ ಡಯಲ್‌ಔಟ್ ಗ್ರೂಪ್‌ಗೆ ಸೇರಿಸಿ, ಲಾಗ್‌ಔಟ್ ಮಾಡಿ ಬನ್ನಿ.

ಹಳೇ ತಪ್ಪುಗಳನ್ನ ಏನು ಮಾಡಿದೆ?

ಕ್ಯಾಟ್ ಹಾಕಿದ ಮೇಲೆ ಹಳೇ ಲಾಗ್ ಸರಿ ಮಾಡೋಕೆ ಕೂತೆ. ಎಫ್‌ಟಿ8 ಸಂಪರ್ಕಗಳಿಗೆ ಡಬ್ಲ್ಯುಎಸ್‌ಜೆಟಿ-ಎಕ್ಸ್ ತನ್ನದೇ ಫೈಲ್‌ನಲ್ಲಿ ಫ್ರೀಕ್ವೆನ್ಸಿ ಬರೆದಿಟ್ಟಿತ್ತು. ಅದನ್ನ ಎಡಿಐಎಫ್ ಆಗಿ ತೆಗೆದು, ಹೋಲಿಸಿ, ತಿದ್ದಿ, ಮತ್ತೆ ಅಪ್‌ಲೋಡ್ ಮಾಡಿದೆ. ಎಡಿಐಎಫ್ ಅಂದ್ರೆ ಲಾಗ್ ಸಾಫ್ಟ್‌ವೇರ್‌ಗಳೆಲ್ಲ ಓದೋ ಸಾಮಾನ್ಯ ಫೈಲ್ ರೂಪ. ಬರೀ ಪಠ್ಯ, ಪ್ರತಿ ಮಾಹಿತಿಯ ಮುಂದೆ ಅದರ ಹೆಸರು ಮತ್ತು ಉದ್ದ. ಪೈಥಾನ್‌ನಲ್ಲಿ ಒಂದು ಸಂಜೆಯ ಕೆಲಸ.

ದನಿಯಲ್ಲಿ ಮಾತಾಡಿದ ಸಂಪರ್ಕಗಳಿಗೆ ಅಂಥ ಆಧಾರ ಇರಲಿಲ್ಲ. ಕೆಲವರಿಗೆ ಬರೆದು ಕೇಳಿದೆ, ಅವರ ಲಾಗ್ ನೋಡಿ ಹೇಳಿದ್ರು. ಉಳಿದವನ್ನ "ಇದು 40 ಇರಬೇಕು" ಅಂತ ಊಹೆ ಮಾಡಿ ತಿದ್ದಬಹುದಿತ್ತು. ತಿದ್ದಿದ್ರೆ ಕೆಲವು ಹೊಂದಿಕೆ ಆಗಿ ದೇಶಗಳ ಸಂಖ್ಯೆನೂ ಏರ್ತಿತ್ತೋ ಏನೋ. ಮಾಡಲಿಲ್ಲ. ಊಹೆಯಿಂದ ತುಂಬಿದ್ದು ಲಾಗ್ ಆಗಲ್ಲ. ಅವುಗಳ ಮುಂದೆ "ಬ್ಯಾಂಡ್ ಖಚಿತವಿಲ್ಲ" ಅಂತ ಟಿಪ್ಪಣಿ ಬರೆದು ಹಾಗೇ ಬಿಟ್ಟಿದ್ದೇನೆ.

ಸರ್‌ಗೆ ಸರಿಯಾದ ಕಾರ್ಡ್ ಮತ್ತೆ ಕಳಿಸಿದೆ. ಹೋದ ತಿಂಗಳು ಊರಿಗೆ ಹೋದಾಗ ಅವರ ಮನೆಗೂ ಹೋಗಿದ್ದೆ. ಲ್ಯಾಪ್‌ಟಾಪ್ ತೆಗೆದು, ಅವರ ರೇಡಿಯೋಗೆ ಕೇಬಲ್ ಹಾಕಿ, ಅವರು ಡಯಲ್ ತಿರುಗಿಸಿದಂತೆ ಪರದೆ ಮೇಲೆ ಅಂಕಿ ಬದಲಾಗೋದನ್ನ ತೋರಿಸಿದೆ. ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದ್ರು.

"ಚೆನ್ನಾಗಿದೆ ಕಣಪ್ಪಾ. ಆದ್ರೆ ನಾನು ಬರೆಯುವಾಗ ಒಂದು ಸಲ ಡಯಲ್ ನೋಡ್ತೀನಿ. ನೀನೂ ನೋಡು."

ಅದನ್ನೇ ಈಗ ಪಾಲಿಸ್ತಿದ್ದೀನಿ. ಸೇವ್ ಒತ್ತೋ ಮೊದಲು ಒಂದು ಸಲ ರೇಡಿಯೋದ ಡಿಸ್‌ಪ್ಲೇ, ಒಂದು ಸಲ ಪರದೆ. ಎರಡೂ ಒಂದೇ ಇದ್ರೆ ಮಾತ್ರ ಎಂಟರ್.

ಮುಂದಿನ ವಿಡಿಯೋದಲ್ಲಿ ರಿಗ್‌ಸಿಟಿಎಲ್‌ಡಿಗೆ ಪೈಥಾನ್‌ನಿಂದ ಮಾತಾಡಿಸೋದನ್ನ ಡಮ್ಮಿ ರೇಡಿಯೋ ಇಟ್ಟುಕೊಂಡು ಮಾಡೋಣ. ಲೈಸೆನ್ಸ್ ಇಲ್ಲದವರೂ ಜೊತೆಗೆ ಮಾಡಬಹುದು. ಅಲ್ಲಿವರೆಗೆ ನಮಸ್ಕಾರ, ಹ್ಯಾಮ್ ಗೆಳೆಯರಿಗೆಲ್ಲ 73.